ಸಣ್ಣ ಹಾಯಿಹಡಗಿಗೆ ವಿಮೆ ಕೊಟ್ಟವರು ಯಾರು?

ವಿಮೆಯೆಂದರೆ ದೊಡ್ಡ ಕಂಪೆನಿಗಳ ಕೊಡುಗೆಯೆಂದು ನಾವು ನಂಬಿದ್ದೇವೆ. ಸಣ್ಣ ಹಾಯಿಹಡಗುಗಳ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

1720ರಲ್ಲಿ ಬ್ರಿಟಿಷ್ ಸಂಸತ್ತು ಕಡಲ ವಿಮೆ ಮಾಡುವ ಹಕ್ಕನ್ನು ಎರಡೇ ಕಂಪೆನಿಗಳಿಗೆ ಕೊಟ್ಟಿತು. ಒಂಟಿಯಾಗಿ ವಿಮೆ ಬರೆಯುವವರಿಗೆ ಅಡ್ಡಿಯಿರಲಿಲ್ಲ. ಅವರು ಲಂಡನ್ನಿನ ಲಾಯ್ಡ್ಸ್ ಕಾಫಿಮನೆಯಲ್ಲಿ ಸೇರುತ್ತಿದ್ದರು. ದೂರದ ಈಶಾನ್ಯ ಇಂಗ್ಲೆಂಡಿನಲ್ಲಿ ಕಲ್ಲಿದ್ದಲು ಸಾಗಿಸುತ್ತಿದ್ದ ಹಡಗಿನ ಮಾಲೀಕರಿಗೆ ಆ ದರಗಳು ದುಬಾರಿ. ಕೊನೆಗೆ ಅವರು ತಾವೇ ಸಂಘ ಕಟ್ಟಿಕೊಂಡರು. ಒಬ್ಬನ ಹಡಗು ಮುಳುಗಿದರೆ ಉಳಿದವರೆಲ್ಲ ಪಾಲು ಹಾಕಿ ನಷ್ಟ ತುಂಬುತ್ತಿದ್ದರು. ನಡುವೆ ಲಾಭ ಎಣಿಸುವವನೇ ಇಲ್ಲ! ಹಾಗೆಂದು ಕಣ್ಣುಮುಚ್ಚಿ ಯಾರನ್ನೂ ಸೇರಿಸಿಕೊಳ್ಳುವಂತಿರಲಿಲ್ಲ; ಒಂದು ಶಿಥಿಲ ಹಡಗಿನ ಭಾರ ಎಲ್ಲರ ತಲೆಗೂ ಬರುತ್ತಿತ್ತಲ್ಲ.

1824ರಲ್ಲಿ ಆ ಏಕಸ್ವಾಮ್ಯ ರದ್ದಾಯಿತು. ಹೊಸ ಕಂಪೆನಿಗಳು ಗಟ್ಟಿ ಹಡಗುಗಳನ್ನು ಸೆಳೆದುಕೊಂಡವು. ಸಂಘಗಳ ಪಾಲಿಗೆ ಹೆಚ್ಚಾಗಿ ಹಳೆಯವು ಉಳಿದು, ಸದಸ್ಯರ ಹೊರೆ ಏರಿತು.