ಬಂದರಿನ ಹೆಸರಿನ ಹತ್ತಿ

ಮುಂಬೈನ ಹಾರ್ಬರ್ ಲೈನಿನಲ್ಲಿ ದಿನವೂ ಓಡಾಡುವವರಿಗೆ ಕಾಟನ್ ಗ್ರೀನ್ ಎಂಬುದು ಒಂದು ಸ್ಟೇಷನ್ನಿನ ಹೆಸರು, ಅಷ್ಟೇ. ಹತ್ತಿಯ ಪೇಟೆ ಒಮ್ಮೆ ಕೋಟೆಯೊಳಗಿನ ಬಯಲಿನಲ್ಲಿತ್ತು, ಆಮೇಲೆ ಕೊಲಾಬಾಕ್ಕೆ ಹೋಯಿತು, ಕಡೆಗೆ ಶಿವಡಿಯ ಬಳಿ ಬಂದು ಈ ಸ್ಟೇಷನ್ನಿಗೆ ತನ್ನ ಹೆಸರು ಕೊಟ್ಟಿತು. ಆದರೆ ಆ ಹತ್ತಿ ಗಳಿಸಿಕೊಟ್ಟ ಹಣದ ಗುರುತು ಕಾಣಬೇಕಾದರೆ ಓವಲ್ ಮೈದಾನಕ್ಕೆ ಹೋಗಬೇಕು. ಹಳೆಯ ಸಚಿವಾಲಯ, ವಿಶ್ವವಿದ್ಯಾಲಯ, ರಾಜಾಬಾಯಿ ಗೋಪುರ, ಹೈಕೋರ್ಟು ಅಲ್ಲಿ ಸಾಲಾಗಿ ನಿಂತಿವೆ. ಇವೆಲ್ಲ ಸುಮಾರು ಹದಿನೈದು ವರ್ಷಗಳೊಳಗೆ ಎದ್ದ ಗೋಥಿಕ್ ಶೈಲಿಯ ಕಟ್ಟಡಗಳು. ವಿಕ್ಟೋರಿಯಾ ಕಾಲದ ಈ ಮುಂಬೈಗೆ 2018ರಲ್ಲಿ ಯುನೆಸ್ಕೋ ಮನ್ನಣೆಯೂ ಸಿಕ್ಕಿತು.

ಈ ಕಲ್ಲಿನ ಸಾಲಿಗೂ ಅಮೆರಿಕದ ಲೂಯಿಸಿಯಾನಾ ರಾಜ್ಯಕ್ಕೂ ನಂಟಿದೆ. ಆ ನಂಟಿನ ಒಂದು ಎಳೆ ಧಾರವಾಡದ ಎರೆಹೊಲಗಳಲ್ಲಿ ಹಾದುಹೋಗುತ್ತದೆ.

ಲೂಯಿಸಿಯಾನಾದ ನ್ಯೂ ಆರ್ಲಿಯನ್ಸ್ ಮಿಸಿಸಿಪ್ಪಿ ನದಿಯ ಬಂದರು. ಒಳನಾಡಿನ ಹತ್ತಿ ನದಿಯಲ್ಲಿ ಇಳಿದು ಅಲ್ಲಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು. ಅದನ್ನು ಬಿಡಿಸಿದವರು ಗುಲಾಮರು. 1860ರಲ್ಲಿ ಆ ಒಂದು ರಾಜ್ಯದಲ್ಲೇ 3.3 ಲಕ್ಷ ಜನ ಗುಲಾಮಗಿರಿಯಲ್ಲಿದ್ದರು. ದೇಶದ ಅತಿ ದೊಡ್ಡ ಗುಲಾಮರ ಸಂತೆ ನಡೆಯುತ್ತಿದ್ದುದೂ ನ್ಯೂ ಆರ್ಲಿಯನ್ಸಿನಲ್ಲೇ. ಆದರೆ ಪೇಟೆಯಲ್ಲಿ ಆ ಹತ್ತಿಗೆ ಇದ್ದದ್ದು ಬಂದರಿನ ಹೆಸರು.

1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಕೆಲವು ತೋಟಗಾರರನ್ನು ಭಾರತಕ್ಕೆ ಕರೆಸಿ ಹತ್ತಿಯ ಪ್ರಯೋಗ ಮಾಡಿಸಿತು. ಹಲವು ಕಡೆ ಸೋತ ನ್ಯೂ ಆರ್ಲಿಯನ್ಸ್ ಬೀಜ ಧಾರವಾಡ ಸೀಮೆಯಲ್ಲಿ ಬೇರು ಬಿಟ್ಟಿತು. ಇದರ ಅರಳೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಜವಾರಿ ಹತ್ತಿಯಂತೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆ ಉರುಳಿಸಿ ಬೀಜ ಬಿಡಿಸಲು ಬಾರದು. ಅದಕ್ಕೆ ಗರಗಸದ ಹಲ್ಲಿನ ಯಂತ್ರವೂ ಹಿಂದೆಯೇ ಬಂತು. ‘ಧಾರವಾಡ ಅಮೆರಿಕನ್’ ಎಂಬ ಹೊಸ ಮಾಲು ಲಿವರ್‌ಪೂಲಿನ ದರಪಟ್ಟಿ ಸೇರಿತು. ಅಂಡಿಗೆಗಳು ಘಟ್ಟ ಇಳಿದು ಕುಮಟೆಗೆ ಹೋಗಿ, ಹಾಯಿ ಹಡಗು ಹತ್ತಿ ಮುಂಬೈ ಮುಟ್ಟುತ್ತಿದ್ದವು. ಈ ಭಾಗದ ಜವಾರಿ ಹತ್ತಿಗೂ ಪೇಟೆ ಇಟ್ಟ ಹೆಸರು ‘ಕುಮಟಾ’. ಕುಮಟೆಯಲ್ಲಿ ಆ ಹತ್ತಿ ಬೆಳೆಯುತ್ತಿರಲಿಲ್ಲ. ಇಲ್ಲಿಯೂ ಬೆಳೆದವರ ಹೆಸರಲ್ಲ, ಬಂದರಿನ ಹೆಸರೇ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. 1862ರ ಏಪ್ರಿಲ್‌ನಲ್ಲಿ ನ್ಯೂ ಆರ್ಲಿಯನ್ಸ್ ಉತ್ತರದವರ ವಶವಾಯಿತು. ಲ್ಯಾಂಕಶೈರಿನ ಗಿರಣಿಗಳು ಹತ್ತಿಯಿಲ್ಲದೆ ನಿಂತವು, ಮುಂಬೈಯಲ್ಲಿ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಧಾರವಾಡದ ಹತ್ತಿಗೆ ಹತ್ತಿರದ ಬಂದರು ಬೇಕೆಂಬ ಒತ್ತಾಯದಿಂದಲೇ ಅದೇ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಲಾಯಿತು.

ಮುಂಬೈಯಲ್ಲಿ ಹಣದ ಹೊಳೆ ಹರಿಯಿತು. ಗವರ್ನರ್ ಬಾರ್ಟ್ಲ್ ಫ್ರೇರ್ ಕೋಟೆಯ ಗೋಡೆಗಳನ್ನು ಕೆಡವಿಸಿ, ಹೊಸ ನಗರಕ್ಕೆ ಜಾಗ ಮಾಡಿದ. ಬ್ಯಾಂಕುಗಳು, ಸಮುದ್ರ ತುಂಬಿಸುವ ಕಂಪನಿಗಳು ಒಂದರ ಹಿಂದೊಂದು ಹುಟ್ಟಿದವು. ಹತ್ತಿ ಮತ್ತು ಷೇರು ವ್ಯಾಪಾರದ ದೊರೆ ಎನಿಸಿದ್ದ ಪ್ರೇಮಚಂದ್ ರಾಯಚಂದ್ 1864ರಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ 2 ಲಕ್ಷ, ಗಡಿಯಾರದ ಗೋಪುರಕ್ಕೆ 2 ಲಕ್ಷ ರೂಪಾಯಿ ಕೊಟ್ಟರು. ಗೋಪುರಕ್ಕೆ ತಾಯಿ ರಾಜಾಬಾಯಿಯ ಹೆಸರಿಡಬೇಕೆಂಬುದು ಅವರ ಆಸೆ.

1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದ. ಅಮೆರಿಕದ ಗುಲಾಮರಿಗೆ ಅದು ಬಿಡುಗಡೆಯ ವರ್ಷ. ಮುಂಬೈಗೆ ದಿವಾಳಿಯ ವರ್ಷ. ಹತ್ತಿಯ ಬೆಲೆ ಕುಸಿಯಿತು, ಷೇರುಗಳು ಕಾಗದವಾದವು, ಪ್ರೇಮಚಂದರೂ ದಿವಾಳಿಯಾದರು. ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿತು. ಆದರೆ ದಾನದ ಹಣ ವಿಶ್ವವಿದ್ಯಾಲಯದ ಕೈಯಲ್ಲಿ ಉಳಿದಿತ್ತು. ಭಾರತಕ್ಕೆ ಎಂದೂ ಬಾರದ ಇಂಗ್ಲೆಂಡಿನ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಬರೆದ ನಕ್ಷೆಯಂತೆ 1869ರಲ್ಲಿ ಗೋಪುರದ ಕೆಲಸ ಶುರುವಾಗಿ 1878ರ ನವೆಂಬರಿನಲ್ಲಿ ಮುಗಿಯಿತು.

ಗೋಪುರ ಕೊನೆಯ ಹಂತಕ್ಕೆ ಏರುತ್ತಿದ್ದ 1876–78ರಲ್ಲೇ ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಭೀಕರ ಬರ ಹಿಂಡಿತು. ಬರಕ್ಕೆ ಹತ್ತಿಯೇ ಕಾರಣವೆನ್ನಲಾಗದು, ಮಳೆ ಕೈಕೊಟ್ಟಿತ್ತು. ಆದರೂ ಎರಡನ್ನೂ ಒಟ್ಟಿಗೆ ನೋಡಿದರೆ ಒಂದು ಮಾತು ತಿಳಿಯುತ್ತದೆ. ಏರಿದ ಬೆಲೆ ರೈತನಿಗೆ ನಾಲ್ಕು ವರ್ಷದ ಸುಗ್ಗಿ. ನಗರಕ್ಕೆ ಅದು ನೂರಾರು ವರ್ಷ ನಿಲ್ಲುವ ಕಲ್ಲು.

ಆ ಕಲ್ಲಿನ ಋಣ ಕನ್ನಡ ನಾಡಿಗೂ ಇದೆ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗುವ ತನಕ ಧಾರವಾಡದ ಹುಡುಗರು ಪದವಿ ಪಡೆದದ್ದು ಮುಂಬೈ ವಿಶ್ವವಿದ್ಯಾಲಯದಿಂದಲೇ. ತಮ್ಮ ಹಿರಿಯರ ಹೊಲದ ಅರಳೆಯೂ ಆ ಗೋಪುರದ ಬುಡದಲ್ಲಿದೆ ಎಂದು ಅವರಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ. ಅಲ್ಲಿ ಕೆತ್ತಿದ ಹೆಸರು ಕೊಟ್ಟವರದು. ಬೆಳೆದವರ ಹೆಸರು ಧಾರವಾಡದಲ್ಲಾಗಲಿ ಲೂಯಿಸಿಯಾನಾದಲ್ಲಾಗಲಿ ಅಂಡಿಗೆಯ ಮೇಲೆ ಎಂದೂ ಇರಲಿಲ್ಲ.