ರಾಗಿ, ಆನೆ, ಸಿಲಿಂಡರು: ತಾಳವಾಡಿ ಮಾದರಿಗಳ ಐಸೋಟೋಪು ಅಳತೆಗೆ ಆಧಾರ ಅನಿಲದ ಆಯ್ಕೆ

ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿದರೆ ಹಾಸನೂರು, ಅದರಾಚೆ ತಾಳವಾಡಿ. ಜಿಲ್ಲೆ ಈರೋಡು, ಊರ ಮಾತು ಕನ್ನಡ, ಹೊಲದಲ್ಲಿ ರಾಗಿ. ಕತ್ತಲಾದರೆ ಆನೆಯ ಭಯ. 1980ರ ದಶಕದ ಆರಂಭದಲ್ಲಿ ಆನೆ ಸಂಶೋಧಕ ಆರ್. ಸುಕುಮಾರ್ ಈ ಸೀಮೆಯಲ್ಲೂ ಚಾಮರಾಜನಗರದ ಕಾಡುಗಳಲ್ಲೂ ಆನೆಗಳನ್ನು ಹಿಂಬಾಲಿಸಿದರು. ಅವು ಏನು ತಿನ್ನುತ್ತವೆಂಬ ಪ್ರಶ್ನೆಯನ್ನು ಮುಂದೆ ಮೂಳೆಯ ಕೊಲಾಜೆನ್‌ಗೂ ಕೇಳಲಾಯಿತು: 1987ರಲ್ಲಿ ಎಸ್.ಕೆ. ಭಟ್ಟಾಚಾರ್ಯ, ಆರ್.ವಿ. ಕೃಷ್ಣಮೂರ್ತಿ ಅವರೊಡನೆ, 1992ರಲ್ಲಿ ಆರ್. ರಮೇಶ್ ಅವರೊಡನೆ.

ತತ್ತ್ವ ಸರಳ. ರಾಗಿ ಮತ್ತು ಕಾಡಿನ ಬಿಸಿಲುಹುಲ್ಲು ಸಿ4 ಸಸ್ಯಗಳು. ಅವುಗಳ ಕಾರ್ಬನ್-13 ಮೌಲ್ಯ ಸುಮಾರು −12‰. ಮರದ ಎಲೆ, ತೊಗಟೆ ಸಿ3, ಸುಮಾರು −27‰. (ಕದ್ದು ತಿಂದ ರಾಗಿಯನ್ನು ಕಾಡಿನ ಹುಲ್ಲಿನಿಂದ ಈ ಅಳತೆ ಬೇರ್ಪಡಿಸಲಾರದು. ರೈತನ ದೂರಿಗೆ ಇದು ಸಾಕ್ಷಿಯಾಗದು.) ಅಂತರ 15‰ ಆದ್ದರಿಂದ 0.3‰ ತಪ್ಪಿದರೂ ಆಹಾರದ ಪಾಲು ಶೇ. 2ರಷ್ಟು ಆಚೀಚೆಯಾಗುತ್ತದೆ. ಆ 0.3‰ ಬಹಳ ಸಲ ಬರುವುದು ಮೂಳೆಯಿಂದಲ್ಲ, ಸಿಲಿಂಡರಿನಿಂದ.

ಮಾದರಿಯನ್ನು ಸುಟ್ಟು ಪಡೆದ ಕಾರ್ಬನ್ ಡೈಆಕ್ಸೈಡನ್ನು ದ್ರವ್ಯರಾಶಿ ಮಾಪಕವು ಸಿಲಿಂಡರಿನ ಅದೇ ಅನಿಲದೊಡನೆ, ಅಂದರೆ ಆಧಾರ ಅನಿಲದೊಡನೆ, ಹೋಲಿಸುತ್ತದೆ. ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು ಶುದ್ಧತೆಯೊಂದನ್ನೇ: ಶೇ. 99.995 ಅಥವಾ 99.999. ಶುದ್ಧತೆ ಬೇಕು, ನಿಜ. ನೀರಿನ ಪಸೆಯಿದ್ದರೆ ಅಯಾನು ಮೂಲದಲ್ಲಿ ಹೈಡ್ರೋಜನ್ ಅಂಟಿ ದ್ರವ್ಯರಾಶಿ 44ರ ಅಯಾನು 45ರಂತೆ ತೋರುತ್ತದೆ; ನೈಟ್ರಸ್ ಆಕ್ಸೈಡ್ ನೇರವಾಗಿ 44ರ ಮೇಲೇ ಬಂದು ಕೂರುತ್ತದೆ. ಆದರೆ ಅನಿಲದ ಹುಟ್ಟೂರನ್ನು ಕೇಳುವವರು ಕಡಿಮೆ. ಕಬ್ಬಿನ ಕಾಕಂಬಿ ಹುದುಗಿಸುವ ಡಿಸ್ಟಿಲರಿಯ ಅನಿಲ ರಾಗಿಯ ಮೌಲ್ಯಕ್ಕೆ ಹತ್ತಿರ. ನೈಸರ್ಗಿಕ ಅನಿಲದಿಂದ ಬಂದದ್ದು −40‰ ಆಸುಪಾಸಿಗೂ ಇಳಿಯಬಹುದು. ಯಂತ್ರದ ಮಾಪನಪಟ್ಟಿ ಶೇ. 3ರಷ್ಟು ಕುಗ್ಗಿದೆಯೆನ್ನಿ. −40‰ ಅನಿಲವೊಂದನ್ನೇ ನಂಬಿದರೆ, 28‰ ದೂರದಲ್ಲಿರುವ ರಾಗಿಯಲ್ಲಿ 0.84‰ ತಪ್ಪುತ್ತದೆ.

ಇದಕ್ಕೆ ಮದ್ದು ಹೊಸ ಸಿಲಿಂಡರಲ್ಲ, ಮಾದರಿಯಂತೆಯೇ ಸುಡುವ ಎರಡು ಘನ ಮಾನಕಗಳು. ಯುಎಸ್‌ಜಿಎಸ್40 ಗ್ಲುಟಾಮಿಕ್ ಆಮ್ಲ −26.39‰, ಐಎಇಎ-ಸಿಎಚ್-6 ಸುಕ್ರೋಸ್ −10.45‰: ತಾಳವಾಡಿಯ ಎಲೆಯೂ ರಾಗಿಯೂ ಹೆಚ್ಚುಕಡಿಮೆ ಇವೆರಡರ ನಡುವೆಯೇ ಬೀಳುತ್ತವೆ. ಆಗ ಸಿಲಿಂಡರಿನ ಮೌಲ್ಯ ಲೆಕ್ಕದಿಂದಲೇ ಹೊರಬೀಳುತ್ತದೆ. ಅದು ತಕ್ಕಡಿಯ ಇನ್ನೊಂದು ತಟ್ಟೆಯಷ್ಟೇ. ತಟ್ಟೆ ಅಲುಗಬಾರದು, ಅಷ್ಟು ಸಾಕು.

ಅಲುಗಿಸುವುದು ದ್ರವ. ತುಂಬಿದ ಸಿಲಿಂಡರಿನಲ್ಲಿ ಕಾರ್ಬನ್ ಡೈಆಕ್ಸೈಡ್ ದ್ರವವಾಗಿರುತ್ತದೆ, ಮೇಲೆ ಆವಿ. ಎರಡರ ಐಸೋಟೋಪು ಮೌಲ್ಯ ಒಂದೇ ಅಲ್ಲ. 31 ಡಿಗ್ರಿ ಸೆಲ್ಸಿಯಸ್ ದಾಟಿದರೆ ದ್ರವವೇ ಉಳಿಯದು. ಘಟ್ಟದ ಕೆಳಗಿನ ಊರುಗಳಲ್ಲಿ ಬೇಸಿಗೆಯ ಹಗಲು ಆ ಗೆರೆ ದಾಟುತ್ತದೆ, ಹವಾನಿಯಂತ್ರಿತ ಕೋಣೆ ಮತ್ತೆ ಕೆಳಗಿಳಿಸುತ್ತದೆ. ಹಾಗಾಗಿ 40 ಬಾರ್‌ಗಿಂತ ಕಡಿಮೆ ಒತ್ತಡದಲ್ಲಿ, ಪೂರ್ತಿ ಅನಿಲವಾಗಿಯೇ ತುಂಬಿಸಿಕೊಂಡ ಸಿಲಿಂಡರು ಮೇಲು. ತಿಂಗಳುಗಟ್ಟಲೆ ಬಾರದಿರಬಹುದು, ಬಂದಷ್ಟು ದಿನ ಒಂದೇ ಮಾತಾಡುತ್ತದೆ.

ದಿನಬಳಕೆಗೆ ತಾಳವಾಡಿಯ ರಾಗಿಯನ್ನೇ ಒಳಮಾನಕವಾಗಿ ಮಾಡಿಕೊಳ್ಳಬಹುದು: ನುಣ್ಣಗೆ ಬೀಸಿ, ಒಣಗಿಸಿ, ಮೇಲಿನ ಎರಡು ಮಾನಕಗಳಿಂದ ಅದರ ಮೌಲ್ಯ ಕಟ್ಟಬೇಕು. ಅಂತಾರಾಷ್ಟ್ರೀಯ ಮಾನಕವಾಗಿದ್ದ ಎಲ್‌ಎಸ್‌ವಿಇಸಿ ಎಂಬ ಲಿಥಿಯಂ ಕಾರ್ಬೊನೇಟ್ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ ಕೆಟ್ಟಿತು. ರಾಗಿಹಿಟ್ಟಿಗೆ ಆ ಕಾಟವಿಲ್ಲ. ಪಸೆ ಮತ್ತು ಹುಳುವಿನದುಂಟು. ಸಣ್ಣ ಗಾಜಿನ ಸೀಸೆಗಳಲ್ಲಿ ಹಂಚಿ ಮುಚ್ಚಿಡಬೇಕು, ಒಮ್ಮೆಗೆ ಒಂದನ್ನೇ ತೆರೆಯಬೇಕು.