ಹೊರದೇಶಗಳಲ್ಲಿ ಯೆಹೂದಿ ಸಮುದಾಯ ಸೇವೆ: ಸ್ವಯಂಸೇವಕರ ಇತಿಹಾಸ

ಒಂದು ದೇಶದ ಯೆಹೂದಿಗಳು ಇನ್ನೊಂದು ದೇಶಕ್ಕೆ ಹೋಗಿ, ಅಲ್ಲಿನ ಯೆಹೂದಿ ಸಮುದಾಯದ ಗಂಜಿ ಕೇಂದ್ರ, ಅನಾಥಾಲಯ, ಆಸ್ಪತ್ರೆ, ಶಾಲೆಗಳಲ್ಲಿ ಸ್ವಯಂಸೇವಕರಾಗಿ ದುಡಿಯುವ ಪದ್ಧತಿ ಗಟ್ಟಿಯಾಗಿ ರೂಪುಗೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದರ ಹಿಂದಿನ ದಾನದ ಸಂಪ್ರದಾಯ ಬಹಳ ಹಳೆಯದು. ಬಡವರಿಗೆ ಕೊಡುವುದನ್ನು ಯೆಹೂದಿ ಧರ್ಮ ಕಡ್ಡಾಯ ಕರ್ತವ್ಯವೆಂದು ವಿಧಿಸಿದೆ. ಯುರೋಪಿನ ಯೆಹೂದಿ ಊರುಗಳಲ್ಲಿ ಬಡವರ ನಿಧಿ, ರೋಗಿಗಳನ್ನು ನೋಡಿಕೊಳ್ಳುವ ಸಂಘ, ಶವಸಂಸ್ಕಾರದ ಸಂಘಗಳು ಇರುತ್ತಿದ್ದವು. ಊರಿನ ಈ ಕೆಲಸ ಗಡಿ ದಾಟುವುದಕ್ಕೆ ಸಮಯ ಹಿಡಿಯಿತು. 1840ರಲ್ಲಿ ಡಮಾಸ್ಕಸ್‌ನ ಯೆಹೂದಿಗಳ ಮೇಲೆ ಸುಳ್ಳು ಕೊಲೆ ಆರೋಪ ಬಂದಾಗ ಲಂಡನ್‌ನ ಮೋಸೆಸ್ ಮಾಂಟೆಫಿಯೋರೆ, ಪ್ಯಾರಿಸ್‌ನ ವಕೀಲ ಅಡಾಲ್ಫ್ ಕ್ರೆಮಿಯೆ ಆಗ ಡಮಾಸ್ಕಸ್ ಆಳುತ್ತಿದ್ದ ಈಜಿಪ್ಟಿಗೇ ಹೋಗಿ ಬಂಧಿತರ ಪರ ವಾದಿಸಿದರು. 1860ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಅಲಿಯಾನ್ಸ್ ಇಸ್ರಾಯೆಲಿತ್ ಯೂನಿವರ್ಸೆಲ್ ಸಂಸ್ಥೆ ಎರಡು ವರ್ಷಗಳಲ್ಲಿ ಮೊರಾಕೊದ ತೆತುವಾನ್‌ನಲ್ಲಿ ತನ್ನ ಮೊದಲ ಶಾಲೆ ತೆರೆಯಿತು.

ಮೊದಲ ಮಹಾಯುದ್ಧ ಎಲ್ಲವನ್ನೂ ದೊಡ್ಡದು ಮಾಡಿತು. 1914ರ ಆಗಸ್ಟ್ ಕೊನೆಯಲ್ಲಿ, ಒಟ್ಟೊಮನ್ ರಾಜಧಾನಿಯಲ್ಲಿದ್ದ ಅಮೆರಿಕದ ರಾಯಭಾರಿ ಹೆನ್ರಿ ಮಾರ್ಗೆಂಥಾ ನ್ಯೂಯಾರ್ಕಿನ ಬ್ಯಾಂಕರ್ ಜೇಕಬ್ ಶಿಫ್‌ಗೆ ತಂತಿ ಕಳಿಸಿದರು: ಪ್ಯಾಲೆಸ್ಟೈನಿನ ಯೆಹೂದಿಗಳು ಉಳಿಯಬೇಕಾದರೆ ಕೂಡಲೇ 50,000 ಡಾಲರ್ ಬೇಕು. ಹಣ ಕೂಡಿತು. ಮಾರ್ಗೆಂಥಾ ಅವರ ಅಳಿಯ ಮಾರಿಸ್ ವರ್ಥೈಮ್ ಅದನ್ನು ಚಿನ್ನದ ರೂಪದಲ್ಲಿ ಅಮೆರಿಕದ ಯುದ್ಧನೌಕೆಯಲ್ಲಿ ಒಯ್ದು ತಲುಪಿಸಿದರು. ಅದೇ ವರ್ಷದ ನವೆಂಬರ್‌ನಲ್ಲಿ ಬೇರೆ ಬೇರೆ ಪರಿಹಾರ ಸಮಿತಿಗಳು ಕೂಡಿ ಒಂದು ಜಂಟಿ ಹಂಚಿಕೆ ಸಮಿತಿ ಕಟ್ಟಿದವು. ಅಂದಿನಿಂದ ಇಂದಿನವರೆಗೂ ಜನ ಅದನ್ನು 'ಜಾಯಿಂಟ್' ಎಂದೇ ಕರೆಯುತ್ತಾರೆ.

ಯುದ್ಧ ಮುಗಿದ ಮೇಲೆ ಹಣದ ಜೊತೆ ಮನುಷ್ಯರೂ ಹೊರಟರು. ಪೂರ್ವ ಯುರೋಪಿನಿಂದ ಅಮೆರಿಕಕ್ಕೆ ವಲಸೆ ಹೋದವರು ನ್ಯೂಯಾರ್ಕಿನಲ್ಲಿ ತಮ್ಮ ತಮ್ಮ ಊರಿನವರ ಸಂಘ ಕಟ್ಟಿಕೊಂಡಿದ್ದರು. ಈ ಸಂಘಗಳ ಪ್ರತಿನಿಧಿಗಳು ಹಣ ಹೊತ್ತು ಹುಟ್ಟೂರಿಗೆ ಮರಳಿ ಹಂಚಿದರು. ಯಾರ ಮನೆ ಸುಟ್ಟಿದೆ, ಯಾರ ಮಕ್ಕಳು ಅನಾಥರಾಗಿದ್ದಾರೆ ಎಂದು ಹೇಳುವುದಕ್ಕೆ ಊರಿನ ನಂಟರೇ ಇದ್ದರು. ಆ ದಿನಗಳ ಪ್ರಯಾಣ ಪ್ರಾಣಕ್ಕೇ ಅಪಾಯ. ಜಾಯಿಂಟ್ ಪರವಾಗಿ ಹೋಗಿದ್ದ ವಿದ್ವಾಂಸ ಇಸ್ರೇಲ್ ಫ್ರೀಡ್‌ಲ್ಯಾಂಡರ್ ಮತ್ತು ರಬ್ಬಿ ಬರ್ನಾರ್ಡ್ ಕ್ಯಾಂಟರ್ 1920ರ ಜುಲೈ 5ರಂದು ಉಕ್ರೇನಿನಲ್ಲಿ ಕೊಲೆಯಾದರು.

ಈ ಇತಿಹಾಸದ ಅತ್ಯಂತ ಕಠಿಣ ಅಧ್ಯಾಯ ಬೆರ್ಗೆನ್-ಬೆಲ್ಸೆನ್. ಬ್ರಿಟಿಷ್ ಸೇನೆ 1945ರ ಏಪ್ರಿಲ್ 15ರಂದು ಆ ನಾಜಿ ಶಿಬಿರವನ್ನು ಹೊಕ್ಕಾಗ ಅಲ್ಲಿ ಸುಮಾರು 60,000 ಜನ ಇದ್ದರು. ಹೆಣಗಳ ರಾಶಿ, ಟೈಫಸ್ ಜ್ವರದ ಪಿಡುಗು, ಹಸಿವು. ಬಿಡುಗಡೆಯಾದ ಮೇಲೂ 13,000ಕ್ಕೂ ಹೆಚ್ಚು ಮಂದಿ ಸತ್ತರು. ಇಂಥ ದಿನ ಬರುತ್ತದೆಂದು ಊಹಿಸಿಯೇ ಬ್ರಿಟನ್ನಿನ ಯೆಹೂದಿಗಳು 1943ರಲ್ಲಿ ಹೊರದೇಶ ಪರಿಹಾರ ಸಮಿತಿಯೊಂದನ್ನು ರಚಿಸಿದ್ದರು. ಅದರ ಸ್ವಯಂಸೇವಕರ ದಳಕ್ಕೆ ಜ್ಯೂಯಿಷ್ ರಿಲೀಫ್ ಯೂನಿಟ್ ಎಂದು ಹೆಸರು. ಲಂಡನ್ನಿನ ಬಡಾವಣೆಗಳಲ್ಲಿ ಸಮಾಜಸೇವೆ ಮಾಡಿ ಪಳಗಿದ್ದ ರೋಸ್ ಹೆನ್ರಿಕ್ಸ್ ಬೆಲ್ಸೆನ್‌ಗೆ ಹೋದ ತಂಡದ ಮುಂದಾಳು.

ಹೋದವರಲ್ಲಿ ಇಪ್ಪತ್ತರ ಹರೆಯದ ಹೆಲೆನ್ ಬ್ಯಾಂಬರ್ ಒಬ್ಬರು. ಲಂಡನ್ನಿನಲ್ಲಿ ಹುಟ್ಟಿ ಬೆಳೆದ ಆಕೆ ಬದುಕಿ ಉಳಿದವರ ಪಕ್ಕ ಕೂತು ಅವರು ಹೇಳಿದ್ದನ್ನು ಕೇಳಿದರು. ಮತ್ತೆ ಮತ್ತೆ ಅದನ್ನೇ ಹೇಳಿದರೂ ಕೇಳಿದರು. ಕ್ಷಯ ತಗುಲಿದ ಯುವಕರನ್ನು ಚಿಕಿತ್ಸೆಗೆ ಸ್ವಿಟ್ಜರ್ಲೆಂಡಿಗೆ ಕಳಿಸಲು ಓಡಾಡಿದರು. ಆ ಕಿವಿಗೊಡುವ ಕೆಲಸ ಅವರನ್ನು ಕೊನೆಯವರೆಗೂ ಬಿಡಲಿಲ್ಲ: 1985ರಲ್ಲಿ ಅವರು ಲಂಡನ್ನಿನಲ್ಲಿ ಚಿತ್ರಹಿಂಸೆಗೆ ಗುರಿಯಾದವರ ಆರೈಕೆಗಾಗಿ ಸಂಸ್ಥೆ ಕಟ್ಟಿದರು. ಅಲ್ಲಿಗೆ ಬಂದವರು ಎಲ್ಲ ದೇಶ, ಎಲ್ಲ ಧರ್ಮಗಳ ಜನ. ಬ್ಯಾಂಬರ್ 2014ರಲ್ಲಿ ತೀರಿಕೊಂಡರು.

ಬೆಲ್ಸೆನ್‌ನ ಕಥೆಯಲ್ಲಿ ಸ್ವಯಂಸೇವಕರನ್ನಷ್ಟೇ ಮೆರೆಸಿದರೆ ಅನ್ಯಾಯವಾಗುತ್ತದೆ. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅಲ್ಲಿನ ಯೆಹೂದಿಗಳು ಯೋಸೆಫ್ ರೋಸೆನ್ಸಾಫ್ಟ್ ನೇತೃತ್ವದಲ್ಲಿ ತಮ್ಮದೇ ಸಮಿತಿ ರಚಿಸಿಕೊಂಡರು. ಶಾಲೆ, ಪತ್ರಿಕೆ, ನಾಟಕ ತಂಡಗಳು ಎದ್ದವು. ಸಾವನ್ನು ಗೆದ್ದು ಬಂದವರಿಗೆ ಹೊರಗಿನವರ ಅಪ್ಪಣೆ ಬೇಕಿರಲಿಲ್ಲ, ಔಷಧ, ಬಟ್ಟೆ, ಪುಸ್ತಕ ಬೇಕಿತ್ತು, ಎಲ್ಲಿಗಾದರೂ ಹೋಗಿ ನೆಲೆಸಲು ಪರವಾನಗಿ ಬೇಕಿತ್ತು. ಬಂದ ಸ್ವಯಂಸೇವಕರಲ್ಲಿ ಇದನ್ನು ಅರಿತು ಸಮಿತಿಯ ಜೊತೆಗೆ ದುಡಿದವರೇ ಅಲ್ಲಿ ನಿಜವಾಗಿ ಉಪಯೋಗಕ್ಕೆ ಬಂದವರು. ಇದೇ ಅಳತೆಗೋಲನ್ನು ಮುಂದಿನ ಕಾಲಕ್ಕೂ ಹಿಡಿದು ನೋಡಬಹುದು.

ಶೀತಲ ಸಮರ ಪೂರ್ವ ಯುರೋಪಿನ ಬಾಗಿಲು ಮುಚ್ಚಿತು. 1953ರ ಜನವರಿ 13ರಂದು ಸೋವಿಯತ್ ಪತ್ರಿಕೆ 'ಪ್ರಾವ್ದಾ' ಮಾಸ್ಕೋದ ವೈದ್ಯರ ಮೇಲೆ ಕೊಲೆ ಸಂಚಿನ ಆರೋಪ ಹೊರಿಸಿ, ಜಾಯಿಂಟ್ ಗೂಢಚಾರ ಸಂಸ್ಥೆ ಎಂದಿತು. ಸ್ಟಾಲಿನ್ ಸತ್ತ ಮೇಲೆ ಏಪ್ರಿಲ್‌ನಲ್ಲಿ ಆರೋಪ ಸುಳ್ಳೆಂದು ಸರ್ಕಾರವೇ ಒಪ್ಪಿತು. ಆದರೂ ಅಲ್ಲಿ ಬಹಿರಂಗವಾಗಿ ಕೆಲಸ ಮಾಡಲು 1980ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಮರಳಿ ಹೋದವರು ಕಂಡದ್ದು ಒಂಟಿ ಮುದುಕರನ್ನು. ಹಣದುಬ್ಬರದಲ್ಲಿ ಅವರ ಪಿಂಚಣಿ ಬೆಲೆ ಕಳೆದುಕೊಂಡಿತ್ತು. 1993ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊದಲ 'ಹೆಸೆದ್' ಕೇಂದ್ರ ತೆರೆಯಿತು: ಊಟ, ಮನೆಗೇ ಬರುವ ಆರೈಕೆ, ಗಾಲಿಕುರ್ಚಿ ಊರುಗೋಲುಗಳ ಎರವಲು. ಆ ಕೇಂದ್ರಗಳನ್ನು ನಡೆಸಿದವರಲ್ಲಿ ಬಹಳ ಮಂದಿ ನಿವೃತ್ತರಾದ ಸ್ಥಳೀಯರೇ.

ಅದೇ ವರ್ಷಗಳಲ್ಲಿ, ಬೋಸ್ನಿಯಾ ಯುದ್ಧದಲ್ಲಿ ಮುತ್ತಿಗೆಗೆ ಸಿಕ್ಕ ಸರಯೇವೊದಲ್ಲಿ, 1892ರಷ್ಟು ಹಳೆಯದಾದ ಯೆಹೂದಿ ಸಂಘ 'ಲಾ ಬೆನೆವೊಲೆನ್ಸಿಯಾ' ಗಂಜಿ ಕೇಂದ್ರ, ಔಷಧಾಲಯಗಳನ್ನು ಇಡೀ ನಗರಕ್ಕೆ ತೆರೆದಿಟ್ಟಿತು. ಮುಸ್ಲಿಮರು, ಸರ್ಬರು, ಕ್ರೊಯೇಟರು ಅಲ್ಲಿ ಔಷಧ ಪಡೆದದ್ದಷ್ಟೇ ಅಲ್ಲ, ಸಂಘದ ಕೆಲಸಕ್ಕೂ ಹೆಗಲು ಕೊಟ್ಟರು. ಜಾಯಿಂಟ್ ಹೊರಗಿನಿಂದ ಸಾಮಾನು ಒದಗಿಸಿತು, ನಗರ ಬಿಡುವವರಿಗೆ ಬಸ್ಸುಗಳ ಸಾಲು ಏರ್ಪಡಿಸಿತು. ಈ ಇಡೀ ಇತಿಹಾಸದಲ್ಲಿ ಇದಕ್ಕಿಂತ ಹೆಮ್ಮೆಪಡುವ ಪುಟ ಕಡಿಮೆ.

ಯುವಜನರನ್ನು ಒಂದು ವರ್ಷದ ಮಟ್ಟಿಗೆ ಹೊರದೇಶಕ್ಕೆ ಕಳಿಸುವ ಜ್ಯೂಯಿಷ್ ಸರ್ವಿಸ್ ಕೋರ್ ಎಂಬ ಜಾಯಿಂಟ್ ಯೋಜನೆ 1980ರ ದಶಕದ್ದು. ಈಗ ಅದು ಎಂಟ್ವೈನ್ ಎಂಬ ವಿಭಾಗದಲ್ಲಿದೆ. 1985ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಅಮೆರಿಕನ್ ಜ್ಯೂಯಿಷ್ ವರ್ಲ್ಡ್ ಸರ್ವಿಸ್ ಯೆಹೂದಿಗಳಲ್ಲದ ಬಡ ಸಮುದಾಯಗಳತ್ತ ತಿರುಗಿತು. ಭಾರತಕ್ಕೂ ಈ ಎಳೆ ಬಂದಿದೆ. ಮುಂಬೈಯ ಬೆನೆ ಇಸ್ರೇಲ್ ಯೆಹೂದಿ ಸಮುದಾಯದ ಮಕ್ಕಳು, ಹಿರಿಯರ ಜೊತೆ ಇಂಥ ಸ್ವಯಂಸೇವಕರು ದುಡಿದಿದ್ದಾರೆ. ಥಾಣೆ ಬಳಿಯ ಕಳವಾ ಕೊಳೆಗೇರಿಯಲ್ಲಿ ಗೇಬ್ರಿಯಲ್ ಪ್ರಾಜೆಕ್ಟ್ ಮುಂಬೈ ಎಂಬ ಯೆಹೂದಿ ಸಂಸ್ಥೆ ಸ್ಥಳೀಯ ಸಂಸ್ಥೆಗಳ ಜೊತೆಗೂಡಿ ಮಕ್ಕಳಿಗೆ ಪಾಠ ಹೇಳಿಸಿ, ಬಿಸಿಯೂಟ ಕೊಟ್ಟಿದೆ.

ಹತ್ತು ದಿನ ಬಂದು ಹೋಗುವ ಪ್ರವಾಸಗಳೂ ಈಗ ಸ್ವಯಂಸೇವೆಯ ಹೆಸರಿನಲ್ಲಿ ನಡೆಯುತ್ತವೆ. ಬಂದವರಿಗೆ ಅವು ಕಣ್ಣು ತೆರೆಸಬಹುದು, ಊರಿನವರಿಗೆ ಉಳಿಯುವುದು ಅಲ್ಪ. ಹೋಗುವ ಮನಸ್ಸಿದ್ದವರು ವರ್ಷವಾದರೂ ನಿಲ್ಲಬೇಕು, ಅಲ್ಲಿನ ಮಾತು ಕಲಿಯಬೇಕು, ಊರಿನ ಸಂಘ ಒಪ್ಪಿಸಿದ ಕೆಲಸವನ್ನೇ ಮಾಡಬೇಕು.